ವೇಳೆ ಗೊತ್ತಿಲ್ಲ ಅನ್ನುವ ಯಂತ್ರ

ಆ ಬೇಸಗೆಯಲ್ಲಿ ನಾನು ಮಾಡುತ್ತಿದ್ದ ಕೆಲಸ ಏನೆಂದು ಶಹಾಪುರದ ನಮ್ಮ ಓಣಿಯಲ್ಲಿ ಯಾರಿಗೂ ಹೇಳಿ ಮುಗಿಸಲು ಆಗಲಿಲ್ಲ. ಎದುರು ಮನೆಯಾಕೆ ಸಂಡಿಗೆ ಒಣಹಾಕಲು ನಮ್ಮ ಮಾಳಿಗೆಗೆ ಬಂದವಳು ಒಂದು ದಿನ ಕೇಳಿಯೇಬಿಟ್ಟಳು.

"ಹಗಲೆಲ್ಲ ಕಂಪ್ಯೂಟರ್ ಮುಂದ ಕುಂತು ಏನ್ ಬರಿತೀರಿ ಅಕ್ಕಾರ?"

"ಫೈಲಿನ ಬಗ್ಗೆ ಯಾರರ ಕೇಳಿದ್ರ ಯಂತ್ರ ಹ್ಯಾಂಗ ಉತ್ತರ ಕೊಡಬೇಕು ಅಂತ ಬರಿತೀನಿ."

"ಅಂದ್ರ ಫೈಲ್ ಬರಿತೀರಿ."

"ಇಲ್ಲ."

"ಫೈಲ್ ಓದ್ತೀರಿ?"

"ಅದೂ ಇಲ್ಲ."

ಆಕೆ ಕೈಯಲ್ಲಿದ್ದ ಹಿಟ್ಟನ್ನು ಸೀರೆ ಹಾಸಿನ ಮೇಲೆ ಬಿಡುತ್ತಾ, "ಪಗಾರ ಕೊಡ್ತಾರಲ್ಲ, ಅಷ್ಟ ಸಾಕ್ ಬಿಡ್ರಿ" ಎಂದು ಮಾತು ಮುಗಿಸಿದಳು. ನನಗೂ ಮುಂದೆ ವಿವರಿಸುವ ತ್ರಾಣ ಇರಲಿಲ್ಲ. ಬೆಳಗಿನ ಹತ್ತಕ್ಕೇ ಮಾಳಿಗೆಯ ಕಲ್ಲು ಕಾಲು ಸುಡುತ್ತಿತ್ತು.

ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ಕಾಲುವೆಯ ಗೇಟು ಕಾಯುವ ನೌಕರರನ್ನು ನಮ್ಮ ಕಡೆ ಲಸ್ಕರ್ ಅನ್ನುತ್ತಾರೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಗೇಟಿನ ಪಕ್ಕದ ಅಳತೆಪಟ್ಟಿ ನೋಡಿ ನೀರು ಎಷ್ಟು ಅಡಿ ಇದೆಯೆಂದು ತಿಳಿಸುವುದು ಅವರ ಕೆಲಸ. ಅದಕ್ಕಾಗಿ ಅವರಿಗೆ ಅಂಗೈಯಗಲದ ಒಂದು ಯಂತ್ರ ಕೊಟ್ಟಿದ್ದರು. ಕೆಂಪು ಗುಂಡಿ ಒತ್ತಿ ಬಾಯಲ್ಲಿ ಅಳತೆ ಹೇಳಿದರೆ ಆ ಧ್ವನಿ ಒಂದು ಫೈಲಾಗಿ ಮೆಮೊರಿ ಕಾರ್ಡಿನಲ್ಲಿ ಕೂರುತ್ತದೆ. ಆ ಕಾರ್ಡನ್ನು ಉಪವಿಭಾಗದ ಕಚೇರಿಯಲ್ಲಿರುವ ಪೆಟ್ಟಿಗೆಗೆ ಹಾಕಿದರೆ ಯಾವ ಗೇಟಿನ ಅಳತೆ ಯಾವಾಗ ಹೇಳಿದ್ದು ಎಂದು ಪರದೆಯ ಮೇಲೆ ಸಾಲಾಗಿ ಬರುತ್ತದೆ. ಯಂತ್ರಕ್ಕೂ ಪೆಟ್ಟಿಗೆಗೂ ಒಂದೇ ಚಿಕ್ಕ ಆಪರೇಟಿಂಗ್ ಸಿಸ್ಟಮ್. ಅದನ್ನು ಕಟ್ಟುವ ಕಂಪನಿಗೆ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಬೇರೆ ಜಿಲ್ಲೆಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಅದು ನಮ್ಮ ಕಡೆ ದೇವಾಪುರದ ಆಚೆಯ ಒಂದು ಕಾಲುವೆಯ ಗೇಟುಗಳಲ್ಲಿ ಮಾತ್ರ ಪರೀಕ್ಷೆಗೆಂದು ಓಡುತ್ತಿತ್ತು.

ನನ್ನ ಪಾಲಿಗೆ ಬಂದದ್ದು ಫೈಲಿನ ಚೀಟಿಯ ಭಾಗ. ದಲಾಲರ ಅಡತಿ ಅಂಗಡಿಯಲ್ಲಿ ತೊಗರಿ ಚೀಲದ ಬಾಯಿಗೆ ಒಂದು ಚೀಟಿ ಹೊಲಿದಿರುತ್ತದಲ್ಲ, ಯಾರದು, ತೂಕ ಎಷ್ಟು, ಯಾವಾಗ ಬಂತು ಎಂದು, ಹಾಗೆಯೇ ಪ್ರತಿ ಫೈಲಿಗೂ ಒಂದು ಚೀಟಿ ಇರುತ್ತದೆ. ಒಳಗಿನ ಸರಕು ಬೇರೆ, ಚೀಟಿ ಬೇರೆ. ನಮ್ಮ ಭಾಷೆಯಲ್ಲಿ ಅದಕ್ಕೆ ಮೆಟಾಡೇಟಾ ಅನ್ನುತ್ತೇವೆ. ಬೇರೆ ಪ್ರೋಗ್ರಾಮುಗಳು ಆ ಚೀಟಿಯನ್ನು ತಾವೇ ಹರಿದು ನೋಡುವಂತಿಲ್ಲ, ಆಪರೇಟಿಂಗ್ ಸಿಸ್ಟಮನ್ನು ಕೇಳಬೇಕು. ಹೇಗೆ ಕೇಳಬೇಕು, ಅದು ಹೇಗೆ ಹೇಳಬೇಕು ಎಂಬ ಕಟ್ಟಳೆಯನ್ನು ಹೊಸದಾಗಿ ಬರೆಯುವುದೇ ನನಗೆ ಒಪ್ಪಿಸಿದ್ದ ಕೆಲಸ.

ಹಳೆಯ ಕಟ್ಟಳೆ ಸರಳವಾಗಿತ್ತು. "ಈ ಫೈಲಿನ ಚೀಟಿ ಕೊಡು" ಎಂದರೆ ಎಲ್ಲ ಅಂಕಣಗಳೂ ತುಂಬಿದ ಚೀಟಿ ಬರುತ್ತಿತ್ತು. ಒಂದು ಅಂಕಣವನ್ನೂ ಖಾಲಿ ಬಿಡಲು ಅವಕಾಶವಿರಲಿಲ್ಲ. ಅದರಲ್ಲಿ ಎರಡು ವೇಳೆಗಳಿದ್ದವು. ಫೈಲು ಈ ಕಾರ್ಡಿನ ಮೇಲೆ ಹುಟ್ಟಿದ ವೇಳೆ ಒಂದು, ಅದರೊಳಗೆ ಕೊನೆಯ ಸಲ ಬರೆದ ವೇಳೆ ಇನ್ನೊಂದು. ಜೊತೆಗೆ, ನಾನು ಸೇರುವ ಮೊದಲೇ ಬಿಟ್ಟುಹೋದ ಯಾರೋ ಒಂದು ಉಪಕಾರದ ನಿಯಮ ಹಾಕಿಟ್ಟಿದ್ದರು: ಬರೆದ ವೇಳೆ ನಂಬಲಾಗದಷ್ಟು ಹಳೆಯದಾಗಿ ಕಂಡರೆ ಅದನ್ನು ಮುಚ್ಚಿ, ಆ ಜಾಗದಲ್ಲಿ ಹುಟ್ಟಿದ ವೇಳೆಯನ್ನು ತೋರಿಸು. ನೋಡಿದವರ ಕಣ್ಣಿಗೆ ಚೀಟಿ ಚೊಕ್ಕಟವಾಗಿ ಕಾಣಲಿ ಎಂದು. ಹೊಸ ಕಟ್ಟಳೆಯಲ್ಲೂ ಇದನ್ನು ಮುಂದುವರಿಸಬೇಕೆ ಬೇಡವೆ ಎಂಬ ಪ್ರಶ್ನೆ ನನ್ನ ಬಾಕಿ ಕೆಲಸಗಳ ಅಡಿಯಲ್ಲೆಲ್ಲೋ ಬಿದ್ದಿತ್ತು. ಅಂಥ ಪ್ರಶ್ನೆಗಳು ಬಹಳ ಇದ್ದವು. ಕರೆಂಟು ಹೋಗುವ ಮುನ್ನ ಎಷ್ಟು ಮುಗಿಯುತ್ತದೋ ಅಷ್ಟು, ಬಂದ ಮೇಲೆ ಮತ್ತೆ ಅಷ್ಟು, ನಡುವೆ ಬಾಗಿಲಿಗೆ ಒದ್ದೆ ಚಾದರ ಕಟ್ಟಿ ನೆಲದ ಮೇಲೆ ಬೆನ್ನು ಚಾಚುವುದು.

ಹಾಗೆ ಬೆನ್ನು ಚಾಚಿದ್ದ ಒಂದು ಮಧ್ಯಾಹ್ನ ದೇವಾಪುರದ ಕಡೆಯ ಲಸ್ಕರ್ ಮನೆಗೆ ಬಂದ. ಪರೀಕ್ಷೆಯ ಮೊದಲ ವಾರ ಅವನ ಗೇಟಿನಲ್ಲೇ ನಾನು ಕೂತು ಯಂತ್ರ ಬಳಸುವುದನ್ನು ತೋರಿಸಿದ್ದೆ. ನನಗಿಂತ ಸ್ವಲ್ಪ ಹಿರಿಯ, ಹೊರಗುತ್ತಿಗೆಯ ಮೇಲೆ ದುಡಿಯುವವನು. ಮೊದಲ ದಿನವೇ ಯಂತ್ರವನ್ನು ಬಾಯಿಯ ಹತ್ತಿರ ಹಿಡಿದು, "ನಮಸ್ಕಾರ್ರೀ ಸಾಹೇಬ್ರ, ಊಟ ಆತ್ರೀ? ನೀರು ಮೂರು ಅಡಿ" ಎಂದು ಶುರುಮಾಡಿದವನು. ಊಟದ ವಿಚಾರ ಬೇಡ ಎಂದು ಎಷ್ಟು ಹೇಳಿದರೂ ಬಿಟ್ಟಿರಲಿಲ್ಲ.

ಅವತ್ತು ಅವನ ಮುಖದಲ್ಲಿ ಆ ಹುರುಪು ಇರಲಿಲ್ಲ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಬಾಗಿಲಲ್ಲೇ ನಿಂತ.

"ಅಕ್ಕಾರ, ನಿಮ್ಮ ಮಷೀನ್ ನನ್ನ ಮ್ಯಾಲ ಸುಳ್ಳು ಹೇಳ್ಯಾದ."

"ಏನ್ ಹೇಳ್ಯಾದ? ಒಳಗ ಬಾ ಮೊದಲ."

"ನಾ ಗೇಟಿಗೇ ಹೋಗಿಲ್ಲಂತ. ಮನ್ಯಾಗ ಕುಂತು ಒಂದ ದಿನದಾಗ ಎಲ್ಲಾ ಅಳತಿ ಒದರೀನಂತ. ಇಂಜಿನಿಯರ್ ಸಾಹೇಬ್ರು ಪರದಾ ತಿರುವಿ ತೋರಿಸಿದ್ರು. ಎಲ್ಲಾದಕ್ಕೂ ಒಂದ ತಾರೀಖ ಅದ. ಆಯ್ತವಾರದ್ದು."

ಕಾಲುವೆಯ ತುದಿಯ ಹಳ್ಳಿಯವರು ನೀರು ಬರುತ್ತಿಲ್ಲವೆಂದು ಕಚೇರಿಗೆ ದೂರು ಕೊಟ್ಟಿದ್ದರಂತೆ. ಆ ಕಡೆಯ ಕೊನೆಯ ಗೇಟು ಈತನದಾದ್ದರಿಂದ ಈತನ ಅಳತೆಗಳನ್ನು ಮಾತ್ರ ತೆಗೆದು ನೋಡಿದರೆ ಗೇಟಿನಲ್ಲಿ ನೀರು ತುಂಬಿದೆ. ಹಾಗಾದರೆ ಅಳತೆ ಹೇಳಿದವನೇ ಸುಳ್ಳ ಎಂದು ಇಂಜಿನಿಯರರು ತೀರ್ಮಾನಕ್ಕೆ ಬಂದಿದ್ದರು. ಕಾಲುವೆಯ ನೀರು ನಿಲ್ಲಿಸುವ ಹೊತ್ತಿಗೆ ಮುಂದಿನ ಹಂಗಾಮಿನ ಲಸ್ಕರ್‌ಗಳ ಹೆಸರು ಗುತ್ತಿಗೆದಾರನಿಗೆ ಹೋಗಬೇಕು. ಈತನ ಹೆಸರು ಬಿಡುತ್ತೇವೆ ಎಂದು ಎದುರಿಗೇ ಹೇಳಿದ್ದರು.

"ಮಗಳ ಗಂಡ ಕೇಳ್ತಾನ್ರಿ, ಮಾವ, ಖರೇ ಏನೈತಿ ಅಂತ. ಮನಿಯೊಳಗಿನ ಮಂದಿನೇ ಕೇಳಿದ್ರ ಹೊರಗಿನವರಿಗೆ ಏನ್ ಹೇಳ್ಲಿ? ಮಷೀನ್ ಸುಳ್ಳ ಹೇಳಂಗಿಲ್ಲಂತ ಎಲ್ಲಾರೂ ಅಂತಾರ. ನೀವರ ಹೇಳ್ರಿ, ಹೇಳ್ತದೋ ಇಲ್ಲೋ?"

ಯಂತ್ರ ಎಲ್ಲಿ ಎಂದು ಕೇಳಿದೆ. ಚೀಲದಿಂದ ತೆಗೆದ. ಬ್ಯಾಟರಿ ಅದರೊಳಗಿರಲಿಲ್ಲ. ಅಂಗಿಯ ಕಿಸೆಯಿಂದ ಕರವಸ್ತ್ರದಲ್ಲಿ ಸುತ್ತಿದ್ದ ಬ್ಯಾಟರಿ ಹೊರಬಂತು.

"ಇದನ್ಯಾಕ ತಗದೀ?"

"ಬಿಸಲಿಗೆ ಉಬ್ಬತಾದಲ್ರಿ. ಮ್ಯಾಲಿನ ಗೇಟಿನವನದು ಉಬ್ಬಿ ಮುಚ್ಚಳಾನೇ ಹಾರಿಹೋತು. ಅವತ್ತಿಂದ ನಾವೆಲ್ಲಾರೂ ಮಾತಾಡೋದು, ತಗಿಯೋದು. ಮಾತಾಡೋದು, ತಗಿಯೋದು."

ಆ ಯಂತ್ರದ ಗಡಿಯಾರ ನಡೆಯುವುದು ಅದೇ ಬ್ಯಾಟರಿಯಿಂದ. ಗಡಿಯಾರಕ್ಕೆಂದು ಬೇರೆ ಗುಂಡಿ ಬ್ಯಾಟರಿ ಇಟ್ಟಿರಲಿಲ್ಲ. ಬ್ಯಾಟರಿ ತೆಗೆದರೆ ಗಡಿಯಾರ ಸಾಯುತ್ತದೆ, ಮತ್ತೆ ಹಾಕಿದರೆ ತನ್ನ ಮೊದಲ ದಿನದಿಂದ, ಅಂದರೆ ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದರ ನಡುರಾತ್ರಿಯಿಂದ ಎಣಿಕೆ ಶುರು ಮಾಡುತ್ತದೆ. ವಾರಕ್ಕೊಮ್ಮೆ ಯಂತ್ರವನ್ನು ಕಚೇರಿಗೆ ತಂದಾಗ ಪೆಟ್ಟಿಗೆ ಅದರ ಗಡಿಯಾರ ಸರಿಪಡಿಸಬೇಕೆಂಬುದು ನಮ್ಮ ಲೆಕ್ಕಾಚಾರ. ಆದರೆ ಯಂತ್ರ ತಂದರೆ ಆ ದಿನ ಸಂಜೆಯ ಅಳತೆ ತಪ್ಪುತ್ತದೆಂದು ಲಸ್ಕರ್‌ಗಳು ಕಾರ್ಡು ಮಾತ್ರ ಕಳಿಸುತ್ತಿದ್ದರು. ಎಲ್ಲರ ಪರವಾಗಿ ಈತನೇ ಕೊಂಡೊಯ್ಯುತ್ತಿದ್ದ.

ಅಂದರೆ ಬರೆದ ವೇಳೆ ಹಾಳು. ಅದನ್ನು ನಮ್ಮ ಉಪಕಾರದ ನಿಯಮ ಮುಚ್ಚಿದೆ. ಆದರೆ ಆಯ್ತವಾರ, ಅಂದರೆ ಭಾನುವಾರದ ಆ ತಾರೀಖು, ಎಲ್ಲಿಂದ ಬಂತು?

ಮರುದಿನ ಅಡಿಗೆ ಮುಗಿಸಿ, ನಮ್ಮವರಿಗೆ ಸಂಡಿಗೆ ಕಾಯಲು ಹೇಳಿ ಬಸ್ಸು ಹತ್ತಿದೆ. ನಮ್ಮವರು ಕಾಲೇಜಿನಲ್ಲಿ ಪಾಠ ಹೇಳುವವರು, ರಜೆಯಲ್ಲಿದ್ದರು. "ಕಾಗಿ ಬಂದ್ರ ಯಾವ ವೇಳ್ಯಾಕ್ಕ ಬಂತು ಅಂತ ಬರದಿಡ್ತೀನಿ" ಎಂದು ನಕ್ಕರು.

ಕಚೇರಿಯ ಇಂಜಿನಿಯರರು ವಯಸ್ಸಿನಲ್ಲಿ ಚಿಕ್ಕವರು. ಫೋನು ಕಿವಿಯಿಂದ ಇಳಿಯುತ್ತಲೇ ಇರಲಿಲ್ಲ, ಪ್ರತಿ ಕರೆಯೂ ನೀರಿನದೇ. ನನ್ನನ್ನು ಕೂರಿಸಿ ಪರದೆ ತೋರಿಸಿದರು. ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಕಾರ್ಡು ಹಾಕಿ ವೇಳೆಯನ್ನು ಸೆಕೆಂಡಿನವರೆಗೆ ಬಿಡಿಸಿ ನೋಡಿದೆ. ಅವರ ಪರದೆ ನಿಮಿಷದವರೆಗೆ ಮಾತ್ರ ತೋರಿಸುತ್ತಿತ್ತು.

"ಇಲ್ಲಿ ನೋಡ್ರಿ ಸರ್. ಈ ಫೈಲು ಹುಟ್ಟಿದ ಸೆಕೆಂಡಿಗೇ ಮುಂದಿಂದೂ ಹುಟ್ಟಿಬಿಟ್ಟದ. ಆದರ ಒಂದೊಂದರಾಗೂ ಅರ್ಧ ನಿಮಿಷ ಮಾತದ. ಇಷ್ಟು ಲಗೂ ಯಾರ ಬಾಯಿಂದಲೂ ಬರಂಗಿಲ್ಲ. ಇದು ಮಾತಾಡಿದ ವೇಳೆ ಅಲ್ರಿ, ಎಲ್ಲೋ ಕಾಪಿ ಮಾಡಿದ ವೇಳೆ."

ಅವರು ಕುರ್ಚಿ ಹತ್ತಿರ ಎಳೆದುಕೊಂಡು ನೋಡಿದರು. ಒಪ್ಪಿದರು ಕೂಡ. ಆದರೆ ಅಲ್ಲಿಗೇ ನಿಲ್ಲಲಿಲ್ಲ.

"ಹೌದ್ರಿ, ಕಾಪಿ ಆಗ್ಯಾವ ಅನ್ರಿ. ಹಂಗಾದ್ರ ಮಾತಾಡಿದ್ದು ಯಾವಾಗ? ಶನಿವಾರ ಒಮ್ಮೆಲೇ ಮಾತಾಡಿ ಆಯ್ತವಾರ ಕಾಪಿ ಹೊಡದಿದ್ರ?"

ನಾನು ಕಾರ್ಡನ್ನು ಲ್ಯಾಪ್‌ಟಾಪಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅವರೇ ಮುಂದುವರಿಸಿದರು.

"ಮೇಡಂ, ಅಂವ ಛಲೋ ಮನಿಷಾ. ನನಗೇನ್ ದುಷ್ಮನಿ ಇಲ್ಲ. ಆದ್ರ ತುದಿ ಊರಿನವರು ದಿನಾ ಬಂದು ಇಲ್ಲೇ ಕುಂದರ್ತಾರ. ನಾ ಅವರ ಮುಂದ ಯಾವ್ದರ ಒಂದು ಹಿಡೀಬೇಕಲ್ರಿ."

ಅಲ್ಲಿಂದ ಸುರಪುರದ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಕಾರ್ಡುಗಳು ಕಚೇರಿಗೆ ಹೋಗುವ ಮುನ್ನ ಅಲ್ಲಿ ಇಳಿಯುತ್ತವೆಂದು ಲಸ್ಕರ್ ಹೇಳಿದ್ದ. ಅಂಗಡಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಫೋನಿನ ಹೊಟ್ಟೆ ಬಿಚ್ಚಿ ಕೂತಿದ್ದರು.

"ಆವೋ ಆಪಾ, ಬರ್ರಿ. ಲಸ್ಕರ್ ಚಾಚಾಂದು ಕಾರ್ಡಾ? ಹೌದ್ರಿ, ನಾನೇ ಜಮಾ ಮಾಡ್ತೀನಿ. ಆಯ್ತವಾರಕ್ಕೊಮ್ಮೆ ಹತ್ತ ಮಂದಿದು ಹತ್ತ ಕಾರ್ಡು ತರ್ತಾರ, ಎಲ್ಲಾ ಒಂದ್ರಾಗ ಹಾಕಿ ಕೊಡ್ತೀನಿ. ಒಂದೊಂದು ಗೇಟಿಗೆ ಒಂದೊಂದು ಖಾನಾ, ಅಂದ್ರ ಫೋಲ್ಡರ್, ಮಾಡಿ. ಬರೋಬ್ಬರ್ ಅದ ಅಲ್ಲಾ?"

"ಬರೋಬ್ಬರ್ ಅದ. ಒಂದ್ರಾಗ ಹಾಕೋದು ಯಾಕ?"

"ಆಫೀಸ್ನಾಗ ಹತ್ತು ಸಲ ಹಾಕೋದು ತಗಿಯೋದು ಮಾಡಿದ್ರ ಆ ಕ್ಲಾರ್ಕ್ ಸಾಬ್ ಬಯ್ತಾರಂತ್ರಿ. ಇಲ್ಲಿ ನಾನು ಯಾರಿಗೂ ಬಯ್ಯಂಗಿಲ್ಲ, ಚಾಚಾ ನನಗ ಕಾಲುವಿ ಕಡಿಂದ ಕಾಯಿಪಲ್ಯ ತರ್ತಾರ. ಯಾಕ್ರಿ, ಖರಾಬ್ ಆತಾ?"

ಆಗಿದ್ದನ್ನು ಹೇಳಿದೆ. ಅವರು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ಯಾ ಅಲ್ಲಾ. ನಾ ಬರೇ ಕಾಪಿ ಮಾಡಿದ್ದು, ಅಷ್ಟ. ಕಾಪಿ ಮಾಡಿದ್ರ ಒಬ್ಬರ ನೌಕರಿ ಹೋಗ್ತದಾ?" ಎಂದರು.

ಮನೆಗೆ ಬಂದು ತಂಡದ ಮುಖ್ಯಸ್ಥರಿಗೆ ಫೋನು ಮಾಡಿದೆ. ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಆ ನಿಯಮ ತೆಗೆದುಹಾಕೋಣ ಎಂದೆ.

"ಅಯ್ಯೋ ಮೇಡಂ, ಅದನ್ನ ತೆಗೆದ್ರೆ ಎಲ್ರ ಪರದೆ ಮೇಲೂ ಎಂಬತ್ತನೇ ಇಸವಿ ಬರುತ್ತೆ. ಫೋನ್ ಮೇಲೆ ಫೋನ್ ಬರುತ್ತೆ. ಹಿಂದೆ ಬಂದಿತ್ತು ಅಂತಾನೇ ಅಲ್ವಾ ಅದನ್ನ ಹಾಕಿದ್ದು?"

"ಈಗ ಒಬ್ಬನ ಕೆಲಸ ಹೋಗ್ತಾ ಇದೆ ಸರ್."

"ನಂಗರ್ಥ ಆಗುತ್ತೆ. ಆದ್ರೆ ಹಳೇ ಪ್ರೋಗ್ರಾಮ್‌ಗಳು ಮುರಿಯೋ ಹಾಗಿಲ್ಲ. ಬೇರೆ ದಾರಿ ನೋಡಿ."

ಬೇರೆ ದಾರಿ ನೋಡಿದೆ. ವೇಳೆಯನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿ ಒಂದು ಸಣ್ಣ ಗುರುತು ಸೇರಿಸಿದೆ: ಈ ವೇಳೆ ಬದಲಿಗೆ ಹಾಕಿದ್ದು, ನಂಬಬೇಡಿ ಎಂದು. ಕೇಳಲು ಮನಸ್ಸಿದ್ದವರು ಗುರುತನ್ನು ನೋಡಬಹುದು, ಇಲ್ಲದವರಿಗೆ ಏನೂ ಮುರಿಯುವುದಿಲ್ಲ. ಅದನ್ನು ಬರೆದು, ಪರೀಕ್ಷಿಸಿ, ಕಚೇರಿಯ ಪೆಟ್ಟಿಗೆಗೆ ಕಳಿಸುವಷ್ಟರಲ್ಲಿ ಸಾಕುಸಾಕಾಯಿತು. ಕರೆಂಟು ಹೋಗಿ ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಓಡಿಸಬೇಕಾಗುತ್ತಿತ್ತು. ನಡುವೆ ನಲ್ಲಿ ನೀರು ಬಂದರೆ ಕೊಡ ತುಂಬಲು ಎದ್ದು ಓಡಬೇಕು, ಹಾಲಿಗೆ ಹೆಪ್ಪು ಹಾಕುವುದನ್ನು ಮರೆತು ಮರುದಿನ ಮೊಸರಿಲ್ಲದೆ ಉಣ್ಣಬೇಕು. ಬಲ ಭುಜದ ನೋವು ಕುತ್ತಿಗೆಗೆ ಏರಿತ್ತು.

ಕಳಿಸಿದ ಮೇಲೆ ಲಸ್ಕರ್‌ನ ಫೋನು ಬಂತು.

"ಅಕ್ಕಾರ, ಸಾಹೇಬ್ರು ಮತ್ತ ನೋಡಿದ್ರು. ಆಯ್ತವಾರ ಹಂಗೇ ಕುಂತದ."

ಪಟ್ಟಿ ತೋರಿಸುವ ಪ್ರೋಗ್ರಾಮನ್ನು ಬರೆದವರು ಬೇರೊಂದು ಕಂಪನಿಯವರು. ಅದು ವೇಳೆಯನ್ನು ತೆಗೆದುಕೊಂಡು ನನ್ನ ಗುರುತನ್ನು ಅಲ್ಲೇ ಬಿಟ್ಟು ಹೋಗಿತ್ತು. ಬಿಟ್ಟು ಹೋಗಬಹುದು ಎಂದೇ ನಾನು ಅದನ್ನು ಕಟ್ಟಿದ್ದೆನಲ್ಲ.

"ನಾವು ಹೇಳಬೇಕಾದ್ದು ಹೇಳಿದೀವಿ ಮೇಡಂ. ಅವ್ರು ಓದ್ದೇ ಇದ್ರೆ ನಾವೇನ್ ಮಾಡೋಕಾಗುತ್ತೆ?" ಎಂದರು ಮುಖ್ಯಸ್ಥರು. ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತಾ ಅದನ್ನೇ ತಿರುವಿ ತಿರುವಿ ಯೋಚಿಸಿದೆ. ಚೊಕ್ಕಟವಾದ ಒಂದು ತಾರೀಖು ಕೈಗೆ ಕೊಟ್ಟು, ಇದನ್ನು ನಂಬಬೇಡ ಎಂದು ಕಿವಿಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ತುದಿ ಊರಿನವರು ಎದುರಿಗೆ ಕೂತಿರುವಾಗ ಇಂಜಿನಿಯರರು ತಾರೀಖನ್ನೇ ಹಿಡಿಯುತ್ತಾರೆ. ನಾನಿದ್ದರೂ ಹಿಡಿಯುತ್ತಿದ್ದೆ. ಕೊಡಬಾರದ್ದನ್ನು ಕೊಡದೇ ಇರುವುದೊಂದೇ ದಾರಿ.

ಮರುದಿನ ಹೊಸ ಕಟ್ಟಳೆಯ ಆ ಭಾಗವನ್ನು ಅಳಿಸಿ ಬರೆದೆ. ಇನ್ನು ಮೇಲೆ ಕೇಳುವವರು ಸುಮ್ಮನೆ "ಚೀಟಿ ಕೊಡು" ಅನ್ನುವಂತಿಲ್ಲ, ತಮಗೆ ಏನೇನು ಬೇಕೆಂದು ಹೆಸರಿಸಿ ಕೇಳಬೇಕು. ಉತ್ತರ ಬರುವಾಗ ಮೊದಲು, ಕೇಳಿದ್ದರಲ್ಲಿ ಯಾವುದಕ್ಕೆ ಉತ್ತರ ಗೊತ್ತಿದೆ ಎಂಬ ಸಾಲು ಬರುತ್ತದೆ. ಗೊತ್ತಿಲ್ಲದ್ದರ ಜಾಗದಲ್ಲಿ ಸೊನ್ನೆಯೂ ಇಲ್ಲ, ಬದಲಿಯೂ ಇಲ್ಲ. ಗಡಿಯಾರವನ್ನು ಯಾರೂ ಸರಿಪಡಿಸದೆ ಇದ್ದಾಗ ಬರೆದ ಫೈಲಾದರೆ, ವೇಳೆ ಗೊತ್ತಿಲ್ಲ. ಆದರೆ ಬ್ಯಾಟರಿ ಹಾಕಿದ ಮೇಲೆ ಎಷ್ಟು ನಿಮಿಷಕ್ಕೆ ಬರೆದದ್ದು ಎಂಬುದು ಗೊತ್ತು. ಅದನ್ನು ಬೇರೆ ಹೆಸರಿನಲ್ಲಿ, ಬೇರೆ ಅಂಕಣದಲ್ಲಿ ಕೊಡುತ್ತದೆ. ಹಳೆಯ ಪ್ರೋಗ್ರಾಮುಗಳಿಗಾಗಿ ಹಳೆಯ ದಾರಿಯನ್ನೂ ಉಳಿಸಿದೆ, ಉಪಕಾರದ ನಿಯಮವನ್ನು ಮಾತ್ರ ಕಿತ್ತೆ. ಅವರಿಗೆ ಎಂಬತ್ತನೇ ಇಸವಿಯೇ ಕಾಣಲಿ.

ಈ ನಿಮಿಷಗಳ ಅಂಕಣ ಬರೆಯುವಾಗಲೇ ನನಗೆ ಒಂದು ವಿಷಯ ಹೊಳೆದು, ಬರೆಯುತ್ತಿದ್ದುದನ್ನು ನಿಲ್ಲಿಸಿ ಲಸ್ಕರ್‌ನ ಹಳೆಯ ಫೈಲುಗಳನ್ನು ತೆರೆದೆ. ಅಂಗಡಿಯಲ್ಲಿ ಕಾಪಿಯಾದರೂ ಬರೆದ ವೇಳೆ ಬದಲಾಗುವುದಿಲ್ಲ. ಹಾಳಾಗಿದೆಯೆಂದು ನಾವು ಮುಚ್ಚಿಟ್ಟಿದ್ದ ಆ ವೇಳೆಗಳು ಸಾಲಾಗಿ ಕೆಳಗಿಳಿದವು. ಹೆಚ್ಚುಕಡಿಮೆ ಎಲ್ಲವೂ ಎಂಬತ್ತರ ಆ ನಡುರಾತ್ರಿ ಕಳೆದು ಒಂದೆರಡು ನಿಮಿಷದವು.

ಮುಖ್ಯಸ್ಥರಿಗೆ ಬರೆದೆ: ನಿಯಮ ತೆಗೆದಿದ್ದೇನೆ. ಅದು ಮತ್ತೆ ಬೇಕೆಂದರೆ ಬೇರೆ ಯಾರಾದರೂ ಅವರ ಹೆಸರಿನಲ್ಲಿ ಸೇರಿಸಲಿ, ನನ್ನ ಕೈಯಿಂದ ಆಗದು. ಶಹಾಪುರದಲ್ಲಿ ಕೂತು ಮಾಡಬಹುದಾದ ಇಂಥ ಕೆಲಸ ಇನ್ನೊಂದು ಸಿಗುವುದು ಸುಲಭವಿರಲಿಲ್ಲ. ಅವರು ಸಂಜೆಯವರೆಗೆ ಉತ್ತರ ಕೊಡಲಿಲ್ಲ. ಆಮೇಲೆ ಫೋನು ಮಾಡಿ, "ಆ ಒಂದು ಕಾಲುವೆಗೆ ಮಾತ್ರ ಬಿಡಿ. ಫೋನ್ ಬಂದ್ರೆ ನೀವೇ ಎತ್ತಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅವರೂ ದಣಿದಿದ್ದರು.

ಫೋನು ಬಂತು. ಮುಂಜಾನೆ ನಾನು ಮಾಳಿಗೆ ಮೇಲೆ ಸಂಡಿಗೆ ತಿರುವುತ್ತಿದ್ದೆ.

"ಮೇಡಂ, ನಾ ಹುಟ್ಟೋಕಿಂತ ಮೊದಲ ನಿಮ್ಮ ಮಷೀನ್ ನೀರ ಅಳದದಲ್ರೀ!" ಇಂಜಿನಿಯರರು. "ಎಂಬತ್ತನೇ ಇಸವ್ಯಾಗ ಈ ಕಾಲುವಿಗೆ ನೀರರ ಎಲ್ಲಿತ್ತು? ಇದನ್ನ ತುದಿ ಊರಿನವರಿಗೆ ತೋರಿಸಿದ್ರ ನನ್ನ ಮಾರಿ ನೋಡಿ ನಗ್ತಾರ."

"ಬರ್ತೀನಿ ಸರ್. ಲಸ್ಕರ್‌ನ್ನೂ ಕರಸ್ರಿ. ನಿಮ್ಮ ಎದುರಿಗೇ ತೋರಿಸ್ತೀನಿ."

ಮಧ್ಯಾಹ್ನ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಲಸ್ಕರ್ ಗೋಡೆಗೆ ಆತು ನಿಂತಿದ್ದ. ಕೂರು ಎಂದರೂ ಕೂರಲಿಲ್ಲ. ಪಟ್ಟಿಯ ಪ್ರೋಗ್ರಾಮನ್ನು ಬದಿಗಿಟ್ಟು ನಾನೇ ಪೆಟ್ಟಿಗೆಯನ್ನು ಹೊಸ ಕಟ್ಟಳೆಯಲ್ಲಿ ಕೇಳಿದೆ. ಒಂದೊಂದು ಫೈಲಿನ ಎದುರಿಗೂ ಬಂತು: ವೇಳೆ ಗೊತ್ತಿಲ್ಲ. ಅದರ ಮುಂದೆ ಬ್ಯಾಟರಿ ಹಾಕಿದ ಮೇಲಿನ ನಿಮಿಷ. ಒಂದು. ಎರಡು. ಒಂದು. ಒಂದು. ಎರಡು. ಮತ್ತೆ ಒಂದು.

"ಇದೇನ್ರಿ ಇದು?"

"ಅಂವ ಬ್ಯಾಟರಿ ಹಾಕಿ, ಮಾತಾಡಿ, ತಗದುಬಿಡ್ತಾನ್ರಿ. ಪ್ರತಿ ಸಲ ಗಡಿಯಾರ ಹೊಸದಾಗಿ ಶುರು ಆಗ್ತದ. ಒಮ್ಮೆಲೇ ಕುಂತು ಎಲ್ಲಾ ಮಾತಾಡಿದ್ರ ಗಡಿಯಾರ ಮುಂದ ಮುಂದ ಹೋಗತಿತ್ತು. ಒಂದು, ಎರಡು, ಮೂರು, ನಾಕು ಅಂತ ಏರಬೇಕಾಗಿತ್ತು. ಏರಿಲ್ಲ."

ಇಂಜಿನಿಯರರು ಪರದೆಗೆ ಮುಖ ಹತ್ತಿರ ತಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದ ಕಡೆ ಕುಂತು, ಪ್ರತಿ ಸಲ ಬ್ಯಾಟರಿ ತಗದು ಹಾಕಿ ಮಾತಾಡಿದ್ರ?"

ಲಸ್ಕರ್‌ನ ಕಣ್ಣು ನನ್ನ ಮೇಲಿತ್ತು. ಇಲ್ಲ, ಹಾಗಾಗಲು ಸಾಧ್ಯವಿಲ್ಲ ಎಂದುಬಿಡಬಹುದಿತ್ತು.

"ಹಂಗೂ ಮಾಡಬಹುದ್ರಿ. ಮಾಡಿಲ್ಲ ಅಂತ ಯಂತ್ರ ಹೇಳಂಗಿಲ್ಲ. ಅದಕ್ಕ ಗೊತ್ತಿರೋದು ಇಷ್ಟ."

ಇಂಜಿನಿಯರರು ಬೆರಳನ್ನು ಪರದೆಯ ಮೇಲೆ ಇಳಿಸುತ್ತಾ ಹೋದರು. ಒಂದು ಕಡೆ ನಿಂತರು. ಒಂದು, ಎರಡುಗಳ ನಡುವೆ ಒಂದೇ ಒಂದು ಫೈಲಿನ ಮುಂದೆ ನಲವತ್ತು ಚಿಲ್ಲರೆ ನಿಮಿಷ ಎಂದಿತ್ತು.

"ಅವತ್ಯಾಕ ಇಷ್ಟ ಹೊತ್ತು?" ಎಂದು ಗೋಡೆಯ ಕಡೆಗೆ ಕೇಳಿದರು.

"ಯಾವತ್ರಿ?"

"ನನಗೇನ್ ಗೊತ್ತೋ ಮಾರಾಯಾ. ತಾರೀಖ ಇಲ್ಲಲ್ಲ ಇದರಾಗ. ಒಮ್ಮೆ ಬ್ಯಾಟರಿ ಹಾಕಿ ಬಾಳ ಹೊತ್ತು ಬಿಟ್ಟು ಮಾತಾಡೀದಿ."

ಲಸ್ಕರ್ ಮೇಲೆ ನೋಡಿ ಯೋಚಿಸಿದ. "ಒಂದಿನ ಗೇಟಿನ ಚಕ್ರ ಹಿಡಕೊಂಡಿತ್ರಿ. ಬ್ಯಾಟರಿ ಹಾಕಿ ಅಳತಿ ನೋಡಬೇಕು ಅನ್ನೂದ್ರಾಗ ನೀರು ಏರಾಕತ್ತಿತು. ಮಷೀನ್ ಕಟ್ಟಿ ಮ್ಯಾಲಿಟ್ಟು ಎಣ್ಣಿ ಬಿಟ್ಕೊಂತ ಕುಂತೆ. ಅದಽ ಇರಬೇಕ್ರಿ. ಗ್ಯಾರಂಟಿ ಹೇಳಂಗಿಲ್ಲ."

ಇಂಜಿನಿಯರರು ಆ ಫೈಲನ್ನು ತೆರೆದರು. ಅಲ್ಲಿಯವರೆಗೆ ಆ ಕಚೇರಿಯಲ್ಲಿ ಅಳತೆಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದವರು ಗುಮಾಸ್ತರು, ಅವರು ಅಡಿ ಇಂಚು ಸಿಕ್ಕಕೂಡಲೇ ಮುಂದಿನ ಫೈಲಿಗೆ ಹೋಗುತ್ತಿದ್ದರು. ಪೆಟ್ಟಿಗೆಯ ಸಣ್ಣ ಸ್ಪೀಕರಿನಿಂದ ನೀರಿನ ಭೋರ್ಗರೆತದ ಜೊತೆ ಏದುಸಿರಿನ ದನಿ ಬಂತು:

"ನಮಸ್ಕಾರ್ರೀ ಸಾಹೇಬ್ರ, ಊಟ ಆತ್ರೀ? ಮೂರು ಅಡಿ ನಾಕು ಇಂಚು. ಚಕ್ರ ಹಿಡಕೊಂಡಿತ್ರಿ, ಎಣ್ಣಿ ಬಿಟ್ಟು ಬಿಡಸೀನಿ. ಕೈ ಎಲ್ಲಾ ಎಣ್ಣಿ ಆಗ್ಯಾದ, ಮಷೀನ್‌ಗೂ ಹತ್ಯಾದ, ಸಿಟ್ಟಾಗಬ್ಯಾಡ್ರಿ."

ಇಂಜಿನಿಯರರು ಅದನ್ನು ಇನ್ನೊಮ್ಮೆ ಕೇಳಿದರು. ಆಮೇಲೆ ಹಿಂದಿನದು, ಅದರ ಹಿಂದಿನದು. ಒಂದರಲ್ಲಿ ಕುರಿಗಳ ಸದ್ದು ಇತ್ತು. ಒಂದರಲ್ಲಿ ಜೋರು ಗಾಳಿ, ಮಾತೇ ಕೇಳಿಸುತ್ತಿರಲಿಲ್ಲ. ಇನ್ನೊಂದರಲ್ಲಿ ದೂರದಿಂದ ಹೆಂಗಸೊಬ್ಬಳು ಅವನ ಹೆಸರು ಹಿಡಿದು ಬುತ್ತಿಗೆ ಕೂಗುತ್ತಿದ್ದಳು. ಎಲ್ಲದರಲ್ಲೂ ಊಟದ ವಿಚಾರಣೆ. ಬಾಗಿಲಲ್ಲಿ ಬಂದು ನಿಂತ ಗುಮಾಸ್ತರು ನಗು ತಡೆದುಕೊಂಡು ಹೊರಗೆ ಹೋದರು.

ಕೊನೆಗೆ ಇಂಜಿನಿಯರರು ಸ್ಪೀಕರ್ ಆರಿಸಿದರು. "ಗುತ್ತಿಗೆದಾರಗ ನಿನ್ನ ಹೆಸರೂ ಹೋಗ್ತದ. ನಡಿ" ಎಂದರು. ಆಮೇಲೆ "ಹಂಗಾದ್ರ ನಡುವ ನೀರು ಎಲ್ಲಿ ಹೊಂಟದ?" ಎಂದರು.

"ಅದು ಕುಂತಲ್ಲಿಂದ ತಿಳಿಯಂಗಿಲ್ರಿ ಸಾಹೇಬ್ರ. ಕಾಲುವಿ ದಂಡಿ ಹಿಡದು ನಡದು ನೋಡಬೇಕು. ನಾಳಿ ಬರ್ತೀರೇನು? ತಂಪೊತ್ತಿನ್ಯಾಗ ಬರ್ರಿ."

ಅವರು ಬರುತ್ತೇನೆಂದರು. ಹೋದರು ಎಂದು ಆಮೇಲೆ ಕೇಳಿದೆ, ನೀರಿನ ಕಥೆ ಏನಾಯಿತೆಂಬುದು ನನ್ನ ಕೆಲಸಕ್ಕೆ ಸೇರಿದ್ದಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಬಸ್ಸಿಗೆ ಕಾಯುತ್ತಾ ನಿಂತೆ. ಲಸ್ಕರ್ ಜೊತೆಗೆ ಬಂದ. ಸಂತೋಷದ ಮಾತು ಆಡುತ್ತಾನೆಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ.

"ಅಕ್ಕಾರ, ಈಗ ಮಷೀನ್ ನನ್ನ ಬಗ್ಗೆ ಏನಂತದ? ಗೇಟಿಗೆ ಹೋಗಿದ್ದ ಅಂತದೇನು?"

"ಇಲ್ಲ. ಗೊತ್ತಿಲ್ಲ ಅಂತದ."

"ಹೋಗಿಲ್ಲ ಅಂತದ?"

"ಹಂಗೂ ಅನ್ನಂಗಿಲ್ಲ. ಗೊತ್ತಿಲ್ಲ, ಅಷ್ಟ."

ಅವನು ಟವೆಲ್ಲನ್ನು ಹೆಗಲ ಮೇಲಿಂದ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ.

"ಗೊತ್ತಿಲ್ಲ ಅನ್ನೂದು ಏನ್ ದೊಡ್ಡ ಮಾತ್ರಿ ಅದು? ಮೊದಲಽ ಅಂದಿದ್ರ, ಇಷ್ಟು ದಿನ ನಾ ಒಂದು ತುತ್ತು ನೆಟ್ಟಗ ಉಣ್ಣತಿದ್ನಲ್ರಿ."

ಬಸ್ಸು ಬಂತು. ನಾನು ಹತ್ತಿದೆ. ಅವನು ಸಂಜೆಯ ಅಳತೆಗೆ ಹೊತ್ತಾಯಿತೆಂದು ಎದುರು ದಿಕ್ಕಿನ ಟಂಟಂ ಆಟೋಗೆ ಕೈ ಮಾಡಿದ.